‘ಗೆಟ್’ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ಕನ್ನಡದ ಮಕ್ಕಳಿಗೆ ಹೇಗೆ ತಿಳಿಸಿಕೊಡಬೇಕು?

ಪ್ರಶ್ನೆ: ಇಂಗ್ಲಿಷ್ ಶಿಕ್ಷಕಿ, ಹಾವೇರಿ ಜಿಲ್ಲೆ

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಇಂಗ್ಲಿಷ್ ಕಲಿಸುತ್ತೇನೆ. ಬಹಳ ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಒಂದು ತೊಡಕನ್ನು ಇಲ್ಲಿನ ತಿಳಿದವರ ಮುಂದಿಡುತ್ತಿದ್ದೇನೆ. ಮಕ್ಕಳಿಗೆ ‘ಗೆಟ್’ ಎಂದರೆ ‘ಪಡೆ’ ಎಂದು ಹೇಳಿಕೊಡುವುದು ರೂಢಿ. ನಾನೂ ಹಾಗೆಯೇ ಕಲಿತವಳು, ಹಾಗೆಯೇ ಕಲಿಸುತ್ತ ಬಂದವಳು. ಆದರೆ ಕಳೆದ ವಾರ ಒಂಬತ್ತನೆಯ ತರಗತಿಯ ಅನುವಾದದ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಒಂದೇ ಪುಟದಲ್ಲಿ ಮೂರು ವಾಕ್ಯಗಳು ಕಣ್ಣಿಗೆ ಬಿದ್ದವು. ‘ಹಿ ಗಾಟ್ ಆ್ಯಂಗ್ರಿ’ ಎಂಬುದನ್ನು ಹುಡುಗ ‘ಅವನು ಕೋಪವನ್ನು ಪಡೆದನು’ ಎಂದು ಬರೆದಿದ್ದ. ‘ಶಿ ಗಾಟ್ ಆಫ್ ದ ಬಸ್’ ಎಂಬುದಕ್ಕೆ ‘ಅವಳು ಬಸ್ಸನ್ನು ಪಡೆದಳು’ ಎಂದಿತ್ತು. ‘ಇಟ್ ಈಸ್ ಗೆಟಿಂಗ್ ಡಾರ್ಕ್’ ಎಂಬಲ್ಲಿ ಅವನು ಪೆನ್ನನ್ನು ಎರಡು ಸಲ ಒತ್ತಿ ಅಳಿಸಿ, ಕಡೆಗೆ ‘ಅದು ಕತ್ತಲೆಯನ್ನು ಪಡೆಯುತ್ತಿದೆ’ ಎಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದ. ಆ ಚಿಹ್ನೆಯನ್ನು ನೋಡಿದಾಗ ನನಗೆ ಸಂಕಟವಾಯಿತು. ವಾಕ್ಯ ಸರಿಯಿಲ್ಲವೆಂದು ಅವನ ಕಿವಿಗೆ ಗೊತ್ತಾಗಿದೆ, ಆದರೆ ನಾನು ಅವನ ಕೈಗೆ ಕೊಟ್ಟಿರುವ ಅರ್ಥ ಅದೊಂದೇ.

ಎದುರು ದಿಕ್ಕಿನಲ್ಲಿಯೂ ಕಷ್ಟವಿದೆ. ‘ನನಗೆ ಕೆಲಸ ಸಿಕ್ಕಿತು’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದರೆ ಅರ್ಧ ತರಗತಿ ‘ಮಿ ಗಾಟ್ ಜಾಬ್’ ಎಂದೋ ‘ಟು ಮಿ ಜಾಬ್ ಗಾಟ್’ ಎಂದೋ ಬರೆಯುತ್ತದೆ. ‘ಐ’ ಎಂದು ತಿದ್ದಿಕೊಟ್ಟರೆ ಮುಂದಿನ ವಾರ ಮತ್ತೆ ‘ಮಿ’ ಬರುತ್ತದೆ.

ನಿಘಂಟನ್ನು ತೆರೆದರೆ ‘ಗೆಟ್’ ಪದದ ಕೆಳಗೆ ಅರ್ಥಗಳ ಸಾಲು ಮುಗಿಯುವುದೇ ಇಲ್ಲ. ಅಷ್ಟನ್ನೂ ಬಾಯಿಪಾಠ ಮಾಡಿಸುವುದು ಸಾಧ್ಯವಿಲ್ಲ, ಮಾಡಿಸಿದರೂ ಉಪಯೋಗವಿಲ್ಲ. ಈ ಅರ್ಥಗಳೆಲ್ಲ ಎಲ್ಲಿಯಾದರೂ ಒಂದು ಬೇರಿಗೆ ಹೋಗಿ ಸೇರುತ್ತವೆಯೇ? ಕನ್ನಡದಲ್ಲಿ ಇದಕ್ಕೆ ಸಮನಾದ ಒಂದು ಮಾತು ಇದೆಯೇ, ಅಥವಾ ಇಲ್ಲವೆಂದೇ ಒಪ್ಪಿಕೊಂಡು ಬೇರೆ ದಾರಿಯಲ್ಲಿ ಕಲಿಸಬೇಕೇ?

ಉತ್ತರ 1: ಅನುವಾದಕ, ಮೈಸೂರು

ತಾವು ಬರೆದಿರುವ ಎರಡು ತಪ್ಪುಗಳು ನಿಜವಾಗಿ ಒಂದೇ ತಪ್ಪಿನ ಎರಡು ಮುಖಗಳು ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಅರ್ಥಗಳ ಪಟ್ಟಿಯನ್ನು ಬದಿಗಿಟ್ಟು ವಾಕ್ಯದ ಕಟ್ಟಡದಿಂದ ಶುರು ಮಾಡುತ್ತೇನೆ.

ಇಂಗ್ಲಿಷಿನಲ್ಲಿ ಮನುಷ್ಯನಿಗೆ ಏನು ಬಂದರೂ, ಏನು ಆದರೂ, ಆ ಮನುಷ್ಯನನ್ನೇ ಕರ್ತೃವಿನ ಜಾಗದಲ್ಲಿ ಕೂರಿಸಿ ‘ಗೆಟ್’ ಎಂದುಬಿಡುತ್ತಾರೆ. ‘ಐ ಗಾಟ್ ಎ ಲೆಟರ್’, ‘ಐ ಗಾಟ್ ಎ ಜಾಬ್’, ‘ಐ ಗಾಟ್ ಎ ಕೋಲ್ಡ್’ ಎಂಬ ಮೂರರಲ್ಲಿಯೂ ‘ಐ’ ತಾನೇ ಏನನ್ನೋ ಮಾಡಿದಂತೆ ಕಾಣುತ್ತದೆ. ಕನ್ನಡ ಹಾಗೆ ನೋಡುವುದಿಲ್ಲ. ನನಗೆ ಪತ್ರ ಬಂತು, ನನಗೆ ಕೆಲಸ ಸಿಕ್ಕಿತು, ನನಗೆ ನೆಗಡಿಯಾಯಿತು. ಇಲ್ಲಿ ಬಂದದ್ದು ಪತ್ರ, ಸಿಕ್ಕಿದ್ದು ಕೆಲಸ, ಆದದ್ದು ನೆಗಡಿ. ಕ್ರಿಯಾಪದ ಆ ವಸ್ತುವಿಗೆ ಹೊಂದಿಕೊಂಡು ನಡೆಯುತ್ತದೆ. ‘ನಾನು’ ಎಂಬುದು ಚತುರ್ಥಿ ವಿಭಕ್ತಿಯಲ್ಲಿ ‘ನನಗೆ’ ಆಗಿ, ಬಂದದ್ದನ್ನು ಬರಮಾಡಿಕೊಳ್ಳುವ ಜಾಗದಲ್ಲಿ ನಿಲ್ಲುತ್ತದೆ. ತಮ್ಮ ವಿದ್ಯಾರ್ಥಿ ‘ಮಿ ಗಾಟ್ ಜಾಬ್’ ಎಂದು ಬರೆದಾಗ ಅವನು ಕನ್ನಡದ ಈ ‘ನನಗೆ’ಯನ್ನು ಪ್ರಾಮಾಣಿಕವಾಗಿ ಇಂಗ್ಲಿಷಿಗೆ ಒಯ್ದಿದ್ದಾನೆ. ‘ಕೋಪವನ್ನು ಪಡೆದನು’ ಎಂದು ಬರೆದವನು ಇಂಗ್ಲಿಷಿನ ಕರ್ತೃವನ್ನು ಅಷ್ಟೇ ಪ್ರಾಮಾಣಿಕವಾಗಿ ಕನ್ನಡಕ್ಕೆ ತಂದಿದ್ದಾನೆ. ಇಬ್ಬರಿಗೂ ಹೇಳಿಕೊಡಬೇಕಾದದ್ದು ಒಂದೇ: ಭಾಷೆ ದಾಟುವಾಗ ‘ನನಗೆ’ ‘ಐ’ ಆಗುತ್ತದೆ, ‘ಐ’ ‘ನನಗೆ’ ಆಗುತ್ತದೆ. ಇದನ್ನು ‘ಗೆಟ್’ ಒಂದಕ್ಕೇ ಅಲ್ಲದೆ ‘ಐ ಹ್ಯಾವ್’, ‘ಐ ಲೈಕ್’, ‘ಐ ನೋ’, ‘ಐ ವಾಂಟ್’ ಎಂಬವಕ್ಕೂ ಸೇರಿಸಿ ಒಂದೇ ಪಾಠವಾಗಿ ಮಾಡಬಹುದು. ನನಗಿದೆ, ನನಗೆ ಇಷ್ಟ, ನನಗೆ ಗೊತ್ತು, ನನಗೆ ಬೇಕು ಎಂಬ ಮಾತುಗಳು ಮಕ್ಕಳ ನಾಲಿಗೆಯ ಮೇಲೆ ಆಗಲೇ ಇವೆ.

ಹಾಗಾದರೆ ಕನ್ನಡದಲ್ಲಿ ಎಲ್ಲಿ ಬರು, ಎಲ್ಲಿ ಸಿಗು, ಎಲ್ಲಿ ಆಗು, ಎಲ್ಲಿ ಪಡೆ? ನಾನು ಕೆಲಸ ಮಾಡುವಾಗ ನನ್ನನ್ನೇ ಕೇಳಿಕೊಳ್ಳುವುದು ಇಷ್ಟು: ಆ ವಸ್ತು ತಾನಾಗಿ ನಡೆದು ಬಂದಿತೇ, ಹುಡುಕಾಟದ ಕೊನೆಯಲ್ಲಿ ಕೈಗೆ ಎಟುಕಿತೇ, ಅಥವಾ ಹಕ್ಕಿನಿಂದಲೋ ಯೋಗ್ಯತೆಯಿಂದಲೋ ಕೇಳಿ ತೆಗೆದುಕೊಂಡದ್ದೇ? ಪತ್ರ, ಫೋನು, ಸಂಬಳ, ಜ್ವರ ಇವು ಬರುತ್ತವೆ. ಕೆಲಸ, ಬಸ್ಸು, ಬಾಡಿಗೆ ಮನೆ, ಬಿಡುವು ಇವು ಸಿಗುತ್ತವೆ. ಪದವಿ, ಪ್ರಶಸ್ತಿ, ಸಾಲ, ತರಬೇತಿ ಇವನ್ನು ಪಡೆಯುತ್ತೇವೆ. ಒಂದೇ ವಸ್ತುವಿನ ವಿಷಯದಲ್ಲಿಯೂ ಈ ಆಯ್ಕೆಯಿಂದ ಅರ್ಥ ಬದಲಾಗುತ್ತದೆ. ‘ಅನುಮತಿ ಸಿಕ್ಕಿತು’ ಎಂದರೆ ಕಾದು ಕುಳಿತಿದ್ದವನ ನಿಟ್ಟುಸಿರು ಕೇಳಿಸುತ್ತದೆ; ‘ಅನುಮತಿ ಪಡೆದೆ’ ಎಂದರೆ ಅರ್ಜಿ ಹಿಡಿದು ಓಡಾಡಿದವನ ಹೆಜ್ಜೆ ಕೇಳಿಸುತ್ತದೆ; ‘ಅನುಮತಿ ಬಂತು’ ಎಂದರೆ ಮೇಜಿನ ಮೇಲೆ ಕಾಗದ ಕಾಣಿಸುತ್ತದೆ. ಇಂಗ್ಲಿಷಿನ ‘ಗಾಟ್ ಪರ್ಮಿಶನ್’ ಎಂಬುದರಲ್ಲಿ ಈ ಮೂರೂ ಒಂದಾಗಿ ಕರಗಿಹೋಗಿವೆ. ಆದುದರಿಂದ ಕನ್ನಡಕ್ಕೆ ತರುವವನು ಮೂಲದಲ್ಲಿ ಇಲ್ಲದ ಒಂದು ನಿರ್ಧಾರವನ್ನು ತಾನೇ ಮಾಡಬೇಕಾಗುತ್ತದೆ.

‘ಗೆಟ್’ನ ಮುಂದೆ ಗುಣವಾಚಕ ಬಂದರೆ ಅದು ಸ್ಥಿತಿ ಬದಲಾದದ್ದನ್ನು ಹೇಳುತ್ತದೆ. ಅಲ್ಲಿ ಕನ್ನಡಕ್ಕೆ ‘ಆಗು’ ಸಾಕು: ಕತ್ತಲಾಗುತ್ತಿದೆ, ತಡವಾಯಿತು, ಸುಸ್ತಾಯಿತು. ಆದರೆ ಎಷ್ಟೋ ಕಡೆ ಕನ್ನಡ ಅದನ್ನೂ ಬೇಡುವುದಿಲ್ಲ, ಏಕೆಂದರೆ ನಮ್ಮಲ್ಲಿ ಆ ಬದಲಾವಣೆಗೇ ಒಂದು ಕ್ರಿಯಾಪದವಿರುತ್ತದೆ. ‘ದ ಟೀ ಗಾಟ್ ಕೋಲ್ಡ್’ ಎಂದರೆ ಚಹಾ ಆರಿತು. ‘ವಿ ಗಾಟ್ ವೆಟ್’ ಎಂದರೆ ನೆನೆದೆವು. ‘ದ ಕ್ಲೋತ್ಸ್ ಗಾಟ್ ಡ್ರೈ’ ಎಂದರೆ ಬಟ್ಟೆ ಒಣಗಿತು. ಆರು, ನೆನೆ, ಒಣಗು, ಹಳಸು, ಮಾಗು, ಬಾಡು ಎಂಬ ಇಂಥ ಕ್ರಿಯಾಪದಗಳು ನಮ್ಮ ಭಾಷೆಯ ದೊಡ್ಡ ಆಸ್ತಿ. ‘ಒದ್ದೆಯನ್ನು ಪಡೆದೆವು’ ಎಂಬಂಥ ಅನುವಾದ ಮಕ್ಕಳ ಕೈಯಿಂದ ಈ ಆಸ್ತಿಯನ್ನೇ ಕಸಿದುಕೊಳ್ಳುತ್ತದೆ.

ಬಸ್ಸಿನ ವಾಕ್ಯದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅಲ್ಲಿ ‘ಗೆಟ್’ ಬರಿಯ ಚಲನೆ, ಅರ್ಥವೆಲ್ಲ ಅದರ ನಂತರ ಬರುವ ಪುಟ್ಟ ಪದದಲ್ಲಿದೆ. ‘ಅಪ್’ ಬಂದರೆ ಏಳು, ‘ಆನ್’ ಬಂದರೆ ಹತ್ತು, ‘ಆಫ್’ ಬಂದರೆ ಇಳಿ, ‘ಬ್ಯಾಕ್’ ಬಂದರೆ ಮರಳು. ಮಕ್ಕಳಿಗೆ ಆ ಪುಟ್ಟ ಪದವನ್ನು ಮೊದಲು ನೋಡುವ ಅಭ್ಯಾಸ ಮಾಡಿಸಿ.

ಉತ್ತರ 2: ಭಾಷಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ

‘ಎಲ್ಲ ಅರ್ಥಗಳೂ ಒಂದು ಬೇರಿಗೆ ಹೋಗಿ ಸೇರುತ್ತವೆಯೇ’ ಎಂಬ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಸೇರುತ್ತವೆ, ಮತ್ತು ಆ ಬೇರಿನ ಅರ್ಥ ‘ಕೈಯಿಂದ ಹಿಡಿ’ ಎಂಬುದು.

ಇಂದಿನ ‘ಗೆಟ್’ ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಗೆತ’ ಎಂಬ ಕ್ರಿಯಾಪದದಿಂದ. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗ್ ಜನರ ನುಡಿ ಅದು. ಹಳೆಯ ಇಂಗ್ಲಿಷಿನಲ್ಲಿಯೂ ಅದೇ ಮೂಲದ ಪದವಿತ್ತು, ಆದರೆ ಅದು ಒಂಟಿಯಾಗಿ ನಿಲ್ಲುವುದು ಅಪರೂಪವಾಗಿತ್ತು; ಉಪಸರ್ಗದೊಡನೆಯೇ ಬರುತ್ತಿತ್ತು, ಮತ್ತು ಅದರ ಮೊದಲ ಅಕ್ಷರವನ್ನು ‘ಯ’ಕಾರದಂತೆ ಉಚ್ಚರಿಸುತ್ತಿದ್ದರು. ಇಂದು ನಾವು ಕೇಳುವ ಗಟ್ಟಿಯಾದ ‘ಗ’ಕಾರ ನಾರ್ಸ್ ಭಾಷೆಯ ಕೊಡುಗೆ. ಉಪಸರ್ಗ ಸೇರಿದ ಆ ಹಳೆಯ ರೂಪಗಳಲ್ಲಿ ಎರಡು ಇನ್ನೂ ಉಳಿದಿವೆ. ಒಂದು ‘ಫರ್ಗೆಟ್’, ಅಂದರೆ ಮನಸ್ಸಿನ ಹಿಡಿತದಿಂದ ಕಳೆದುಕೊಳ್ಳುವುದು. ಇನ್ನೊಂದು ‘ಬಿಗೆಟ್’, ಅಂದರೆ ಮಕ್ಕಳನ್ನು ಪಡೆಯುವುದು. ‘ಆನ್’ ಎಂಬ ಉಪಸರ್ಗ ಸೇರಿದ ಮೂರನೆಯ ರೂಪಕ್ಕೆ ‘ಗ್ರಹಿಸು, ತಿಳಿ’ ಎಂಬ ಅರ್ಥವಿತ್ತು, ಅದು ಅಳಿದುಹೋಯಿತು.

ಇನ್ನೂ ಹಿಂದೆ ಹೋದರೆ, ಲ್ಯಾಟಿನ್ ಭಾಷೆಯಲ್ಲಿ ‘ಹಿಡಿ’ ಎಂಬ ಅರ್ಥದ ‘ಪ್ರೆಹೆಂಡೆರೆ’ ಎಂಬ ಕ್ರಿಯಾಪದ ಇದೇ ಇಂಡೋ-ಯುರೋಪಿಯನ್ (ಇಂಗ್ಲಿಷ್, ಲ್ಯಾಟಿನ್, ಸಂಸ್ಕೃತಗಳು ಸೇರಿದ ಭಾಷಾ ಕುಟುಂಬ) ಧಾತುವಿನ ಇನ್ನೊಂದು ಕವಲು. ‘ಕಾಂಪ್ರಿಹೆಂಡ್’ ಎಂಬ ಇಂಗ್ಲಿಷ್ ಪದ ಅದರಿಂದ ಬಂದದ್ದು. ಹೀಗೆ ‘ಐ ಗೆಟ್ ಇಟ್’ ಎಂದು ಮಾತಿನಲ್ಲಿ ಹೇಳುವವನೂ ‘ಐ ಕಾಂಪ್ರಿಹೆಂಡ್ ಇಟ್’ ಎಂದು ಗಂಭೀರವಾಗಿ ಬರೆಯುವವನೂ ಒಂದೇ ಬೇರಿನ ಎರಡು ಕೊಂಬೆಗಳನ್ನು ಹಿಡಿದಿದ್ದಾರೆ. ‘ಗ್ರಹಿಸು’ ಎಂಬ ನಮ್ಮ ಮಾತಿನ ಹಿಂದಿರುವ ಸಂಸ್ಕೃತ ಧಾತು ಬೇರೆಯದಾದರೂ ಅದರ ಅರ್ಥವೂ ‘ಹಿಡಿ’ ಎಂದೇ. ಹಾವೇರಿಯ ಕಡೆ ‘ಗಣಿತ ತಲೆಗೆ ಹತ್ತುವುದಿಲ್ಲ’ ಎನ್ನುತ್ತಾರಲ್ಲ, ಅಲ್ಲಿ ಮಾತ್ರ ದಿಕ್ಕು ಉಲ್ಟಾ: ತಲೆ ಹೋಗಿ ಗಣಿತವನ್ನು ಹಿಡಿಯುವುದಿಲ್ಲ, ಗಣಿತವೇ ಬಂದು ತಲೆಗೆ ಹತ್ತಬೇಕು. ಮೈಸೂರಿನ ಮಿತ್ರರು ಹೇಳಿದ ‘ನನಗೆ’ಯ ಮಾತಿಗೆ ಇದು ಇನ್ನೊಂದು ಸಾಕ್ಷಿ.

ಹಿಡಿದದ್ದು ನಮ್ಮದಾಗುತ್ತದೆ. ಆದ್ದರಿಂದ ‘ಹ್ಯಾವ್ ಗಾಟ್’ ಎಂದರೆ ‘ಪಡೆದಿದ್ದೇನೆ’ ಎಂಬುದು ಹೋಗಿ ‘ನನ್ನಲ್ಲಿ ಇದೆ’ ಎಂದಾಯಿತು. ಇಂಗ್ಲೆಂಡಿನವರು ಭೂತಕೃದಂತಕ್ಕೆ, ಅಂದರೆ ‘ಹ್ಯಾವ್’ ಜೊತೆಗೆ ಬರುವ ರೂಪಕ್ಕೆ, ‘ಗಾಟ್’ ಒಂದನ್ನೇ ಉಳಿಸಿಕೊಂಡರು. ಅಮೆರಿಕದವರು ‘ಗಾಟನ್’ ಎಂಬ ಹಳೆಯ ರೂಪವನ್ನು ಬಿಡದೆ, ‘ಐ ಹ್ಯಾವ್ ಗಾಟ್’ ಎಂಬುದನ್ನು ‘ಇದೆ’ ಎಂಬ ಅರ್ಥಕ್ಕೂ ‘ಐ ಹ್ಯಾವ್ ಗಾಟನ್’ ಎಂಬುದನ್ನು ‘ಸಿಕ್ಕಿದೆ, ಆಗಿದೆ’ ಎಂಬ ಅರ್ಥಕ್ಕೂ ಹಂಚಿದ್ದಾರೆ. ತಮ್ಮ ಮಕ್ಕಳು ‘ಗಾಟನ್’ ಎಂದು ಎಲ್ಲಿಯಾದರೂ ಓದಿ ಬಂದು ಬರೆದರೆ ಅದನ್ನು ತಪ್ಪೆಂದು ಗೀಟು ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನಿಘಂಟಿನ ಉದ್ದವನ್ನು ಕಂಡು ಅಂಜಬೇಕಾಗಿಲ್ಲ. ಸಣ್ಣ ಕ್ರಿಯಾಪದಗಳ ಪಾಡೇ ಹೀಗೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ಉದ್ದದ ಬರಹ ‘ಸೆಟ್’ ಎಂಬ ಕ್ರಿಯಾಪದದ್ದಾಗಿತ್ತು. ಅನಂತರದ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು.

ಕೊನೆಯದಾಗಿ, ತಮ್ಮ ಜಿಲ್ಲೆಗೇ ಸೇರಿದ ಒಂದು ಮಾತು. ಹಳಗನ್ನಡದ ‘ಪ’ಕಾರ ನಡುಗನ್ನಡದ ಹೊತ್ತಿಗೆ ‘ಹ’ಕಾರವಾಯಿತೆಂಬುದು ತಮಗೆ ತಿಳಿದದ್ದೇ: ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ಹಾಗೆಯೇ ‘ಪಡೆ’ ಎಂಬುದು ‘ಹಡೆ’ ಆಯಿತು. ಆದರೆ ಇಲ್ಲಿ ಹಳೆಯ ರೂಪ ಸಾಯಲಿಲ್ಲ. ಎರಡೂ ಉಳಿದು ಕೆಲಸವನ್ನು ಹಂಚಿಕೊಂಡವು. ‘ಪಡೆ’ ಹೊಂದುವುದಕ್ಕೆ ನಿಂತಿತು, ‘ಹಡೆ’ ಹೆರುವುದಕ್ಕೆ ನಿಂತಿತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬೀಸುವಾಗ ಹಾಡಿಕೊಂಡು ಬಂದ ‘ಹಡೆದವ್ವ’ ಎಂಬ ಮಾತಿನೊಳಗೆ ಇರುವುದು ಇದೇ ‘ಪಡೆ’. ಇಂಗ್ಲಿಷಿನಲ್ಲಿ ‘ಗೆಟ್’ ಮತ್ತು ‘ಬಿಗೆಟ್’ ನಡುವೆ ಇರುವ ನಂಟು ಕನ್ನಡದಲ್ಲಿ ‘ಪಡೆ’ ಮತ್ತು ‘ಹಡೆ’ ನಡುವೆ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾ ಕುಟುಂಬಗಳು ತಾವಾಗಿ ಒಂದೇ ದಾರಿ ಹಿಡಿದಿರುವುದನ್ನು ಕಂಡಾಗ ನನಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ಉತ್ತರ 3: ನಿವೃತ್ತ ಕನ್ನಡ ಅಧ್ಯಾಪಕ, ಶಿವಮೊಗ್ಗ

ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ, ಆದರೆ ಒಂದು ಮುಖ್ಯವಾದ ಪದ ಇಬ್ಬರ ಕಣ್ಣಿಗೂ ಬಿದ್ದಿಲ್ಲ. ಸಿಗು, ಬರು, ಆಗು, ಪಡೆ ಎಂದು ಹುಡುಕುತ್ತ ಹೋದವರು ನಮ್ಮ ಬಾಯಲ್ಲಿ ದಿನಕ್ಕೆ ನೂರಾರು ಸಲ ಬರುವ ‘ಕೊಳ್’ ಎಂಬುದನ್ನು ಮರೆತಿದ್ದಾರೆ. ಅದು ಎಷ್ಟು ಸವೆದಿದೆಯೆಂದರೆ ಅದನ್ನು ಒಂದು ಪದವೆಂದು ನಾವು ಎಣಿಸುವುದನ್ನೇ ಬಿಟ್ಟಿದ್ದೇವೆ.

ಹಳಗನ್ನಡದಲ್ಲಿ ‘ಕೊಳ್’ ಎಂದರೆ ತೆಗೆದುಕೊ, ಹಿಡಿ, ಸ್ವೀಕರಿಸು. ಇಂದು ಅದು ಒಂಟಿಯಾಗಿ ನಿಂತರೆ ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಎಂಬ ಒಂದೇ ಅರ್ಥ ಉಳಿದಿದೆ. ಆದರೆ ಬೇರೆ ಪದಗಳ ಬೆನ್ನಿಗೆ ಅಂಟಿ ಅದು ಮಾಡುತ್ತಿರುವ ಕೆಲಸವನ್ನು ನೋಡಿ. ಕೋಪಗೊಂಡ, ಗಾಬರಿಗೊಂಡ, ಸಿದ್ಧಗೊಂಡಿತು, ಪೂರ್ಣಗೊಂಡಿತು. ಇಂಗ್ಲಿಷಿನವನು ‘ಗಾಟ್ ಆ್ಯಂಗ್ರಿ’ ಎಂದಾಗ ಬಳಸಿದ ‘ಗಾಟ್’ಗೂ ನಾವು ‘ಕೋಪಗೊಂಡ’ ಎಂದಾಗ ಬಳಸಿದ ‘ಗೊಂಡ’ಕ್ಕೂ ಮೂಲದಲ್ಲಿ ಅರ್ಥ ಒಂದೇ: ಹಿಡಿದುಕೊಂಡ. ‘ಕೋಪವನ್ನು ಪಡೆದನು’ ಎಂದು ಬರೆದ ಆ ಹುಡುಗ ಗುರಿಗೆ ಬಹಳ ಹತ್ತಿರ ಬಂದಿದ್ದ. ಕನ್ನಡ ಅದೇ ಮಾತನ್ನು ಎಂದೋ ಬೇರೊಂದು ಕ್ರಿಯಾಪದದಿಂದ ಹೇಳಿಯಾಗಿದೆ ಎಂಬುದಷ್ಟೇ ಅವನಿಗೆ ತಿಳಿಯಬೇಕಾಗಿತ್ತು.

ಇನ್ನೊಂದು ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ‘ಹಿ ವಾಸ್ ಸ್ಕೋಲ್ಡೆಡ್’ ಎಂಬುದಕ್ಕೂ ‘ಹಿ ಗಾಟ್ ಸ್ಕೋಲ್ಡೆಡ್’ ಎಂಬುದಕ್ಕೂ ಏನು ವ್ಯತ್ಯಾಸ? ಮೊದಲನೆಯದು ನಡೆದ ಸಂಗತಿಯನ್ನು ಹೊರಗಿನಿಂದ ವರದಿ ಮಾಡುತ್ತದೆ. ಎರಡನೆಯದು ಆಡುಮಾತಿಗೆ ಹತ್ತಿರವಾದದ್ದು. ಬೈಗುಳ ಅವನಿಗೆ ತಟ್ಟಿತು ಎಂಬುದರ ಮೇಲೆ ಅದರ ಒತ್ತು, ಮತ್ತು ಎಷ್ಟೋ ಸಲ ಅದನ್ನು ಅವನೇ ಮೈಮೇಲೆ ಎಳೆದುಕೊಂಡ ಎಂಬ ಧ್ವನಿಯೂ ಅದರಲ್ಲಿರುತ್ತದೆ. ವ್ಯಾಕರಣದ ಪುಸ್ತಕ ಎರಡಕ್ಕೂ ‘ಬೈಯಲ್ಪಟ್ಟನು’ ಎಂಬ ರೂಪವನ್ನೇ ಕಲಿಸುತ್ತದೆ. ಅದನ್ನು ಯಾವ ಊರಿನಲ್ಲಿಯೂ ಯಾರೂ ಆಡುವುದಿಲ್ಲ. ನಾವು ಆಡುವುದು ‘ಬೈಸಿಕೊಂಡ’ ಎಂದು. ಅದನ್ನು ಬಿಡಿಸಿ ನೋಡಿ: ‘ಬೈ’ ಎಂಬ ಧಾತು, ಬೇರೆಯವರಿಂದ ಮಾಡಿಸುವುದನ್ನು ಹೇಳುವ ‘ಇಸು’, ತನ್ನ ಕಡೆಗೆ ಬರಮಾಡಿಕೊಳ್ಳುವುದನ್ನು ಹೇಳುವ ‘ಕೊಂಡ’. ಬೈಯುವಂತೆ ಮಾಡಿ ಆ ಬೈಗುಳವನ್ನು ತನ್ನ ಪಾಲಿಗೆ ತೆಗೆದುಕೊಂಡ ಎಂಬಷ್ಟು ಅರ್ಥ ಒಂದೇ ಪದದಲ್ಲಿ ಅಡಗಿದೆ. ಹೊಡೆಸಿಕೊಂಡ, ಕಚ್ಚಿಸಿಕೊಂಡ, ಅನ್ನಿಸಿಕೊಂಡ ಎಂಬವೂ ಹೀಗೆಯೇ. ನಾಯಿ ಕಚ್ಚಿದ ಮಗುವಿನ ಬಗ್ಗೆ ‘ನಾಯಿ ಕಚ್ಚಿತು’ ಎನ್ನುವ ತಾಯಿ, ನಾಯಿಯ ಬಾಲ ಎಳೆಯಲು ಹೋದ ಮಗುವಿನ ಬಗ್ಗೆ ‘ಹೋಗಿ ಕಚ್ಚಿಸಿಕೊಂಡು ಬಂದ’ ಎನ್ನುತ್ತಾಳೆ. ಇಂಗ್ಲಿಷಿನ ‘ಗಾಟ್ ಬಿಟನ್’ ಎಂಬುದರಲ್ಲಿ ಸುಳಿವಾಗಿ ಮಾತ್ರ ಇರುವ ಹೊಣೆಯ ಮಾತನ್ನು ಕನ್ನಡ ಬಾಯಿಬಿಟ್ಟು ಹೇಳುತ್ತದೆ.

ಕೈ ಸುಟ್ಟುಕೊಂಡ, ಕಾಲು ಮುರಿದುಕೊಂಡ ಎಂಬಲ್ಲಿ ಉದ್ದೇಶವಿಲ್ಲದಿದ್ದರೂ ನೋವು ಅವನದೇ ಆದ್ದರಿಂದ ‘ಕೊಂಡ’ ಬಂತು. ‘ಗಾಟ್ ಸ್ಟಕ್’ ಎಂದರೆ ಸಿಕ್ಕಿಹಾಕಿಕೊಂಡ. ‘ಗೆಟ್ ಅವೇ ವಿತ್’ ಎಂಬ ನುಡಿಗಟ್ಟಿಗೆ ಅನೇಕರು ಅರ್ಥ ಹುಡುಕಿ ಸೋಲುತ್ತಾರೆ. ‘ದಕ್ಕಿಸಿಕೊಂಡ’ ಎಂದರೆ ಮುಗಿಯಿತು. ‘ಗೆಟ್ ಅಲಾಂಗ್’ ಎಂದರೆ ಹೊಂದಿಕೊಂಡು ಹೋಗು.

ಎಲ್ಲ ಕಡೆ ‘ಕೊಳ್’ ನಡೆಯುವುದೆಂದು ನಾನು ಹೇಳುತ್ತಿಲ್ಲ. ‘ಗಾಟ್ ಪ್ರಮೋಟೆಡ್’ ಎಂದರೆ ಬಡ್ತಿ ಸಿಕ್ಕಿತು ಎಂದೇ ಆಗಬೇಕು. ‘ಗಾಟ್ ದ ಹೌಸ್ ಪೇಂಟೆಡ್’ ಎಂದರೆ ಮನೆಗೆ ಬಣ್ಣ ಹೊಡೆಸಿದೆ. ಅಲ್ಲಿ ‘ಇಸು’ ಒಂದೇ ಸಾಕು. ‘ಗೆಟ್ ಮಿ ಸಮ್ ವಾಟರ್’ ಎಂದರೆ ನೀರು ತಂದುಕೊಡು. ಅಲ್ಲಿ ಕೊಳ್ಳುವುದಕ್ಕೆ ಎದುರಾದ ‘ಕೊಡು’ವೇ ಬಂತು, ಏಕೆಂದರೆ ತರುವವನೊಬ್ಬ, ಕುಡಿಯುವವನೊಬ್ಬ.

ಈಚೆಗೆ ಫೋನಿನ ಪರದೆಯ ಮೇಲೆ ‘ಪ್ರಾರಂಭವನ್ನು ಪಡೆಯಿರಿ’ ಎಂದು ಬರೆದಿದ್ದ ಒಂದು ಗುಂಡಿಯನ್ನು ಕಂಡೆ. ಮೂಲದಲ್ಲಿ ‘ಗೆಟ್ ಸ್ಟಾರ್ಟೆಡ್’ ಎಂದಿದ್ದಿರಬೇಕು. ‘ಶುರು ಮಾಡಿ’ ಎಂಬ ಎರಡೇ ಮಾತು ಆ ಜಾಗದಲ್ಲಿ ಎಷ್ಟು ಚೆನ್ನಾಗಿ ಕೂರುತ್ತಿತ್ತು! ನಲವತ್ತು ವರ್ಷ ಕನ್ನಡ ಕಲಿಸಿದವನಿಗೆ ಇಂಥದನ್ನು ಕಂಡರೆ ಎದೆಗೆ ನಾಟುತ್ತದೆ.

ಉತ್ತರ 4: ಕನ್ನಡತಿ, ನ್ಯೂಜೆರ್ಸಿ

ನನ್ನ ಮಗಳಿಗೆ ಏಳು ವರ್ಷ. ಅವಳು ಹುಟ್ಟಿದ್ದು ಅಮೆರಿಕದಲ್ಲಿ, ಮನೆಯಲ್ಲಿ ಕನ್ನಡ ಆಡುತ್ತೇವೆ. ಶಿಕ್ಷಕಿಯವರ ಪ್ರಶ್ನೆಯನ್ನು ಓದಿದಾಗ ಅವಳ ಒಂದು ತಪ್ಪು ನನಗೆ ಮೊದಲ ಬಾರಿಗೆ ಅರ್ಥವಾಯಿತು. ಶಾಲೆಯಿಂದ ಬಂದವಳೇ ‘ಅಮ್ಮಾ, ನಾನು ಸ್ಟಿಕರ್ ಸಿಕ್ಕಿದೆ’ ಎನ್ನುತ್ತಾಳೆ. ‘ನನಗೆ ಸಿಕ್ಕಿತು’ ಎಂದು ತಿದ್ದಿದರೆ ಹಾಗೆಯೇ ಹೇಳಿ, ಮರುದಿನ ಮತ್ತೆ ‘ನಾನು ಸಿಕ್ಕಿದೆ’ ಎನ್ನುತ್ತಾಳೆ. ಒಮ್ಮೆ ಊರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ‘ಅಜ್ಜಿ, ನಾನು ಇವತ್ತು ಸಿಕ್ಕಿದೆ’ ಎಂದು ಹೇಳಿದಳು. ಅಜ್ಜಿಗೆ ಮಗು ಎಲ್ಲಿಯೋ ಕಳೆದುಹೋಗಿ ಮತ್ತೆ ಸಿಕ್ಕಿರಬೇಕೆಂದು ಜೀವ ಹಾರಿಹೋಯಿತು. ‘ಎಲ್ಲಿ ಹೋಗಿದ್ದೆ ಪುಟ್ಟಿ, ಯಾರಿಗೆ ಸಿಕ್ಕಿದೆ?’ ಎಂದು ಕೇಳುತ್ತಿದ್ದ ಅವರ ಧ್ವನಿ ನಡುಗುತ್ತಿತ್ತು.

ಹಾವೇರಿಯ ಮಗು ‘ನನಗೆ’ ಎಂಬುದನ್ನು ಇಂಗ್ಲಿಷಿಗೆ ಒಯ್ಯುತ್ತದೆ, ನನ್ನ ಮಗು ‘ಐ’ ಎಂಬುದನ್ನು ಕನ್ನಡಕ್ಕೆ ತರುತ್ತದೆ. ತಿದ್ದುವುದನ್ನು ಬಿಟ್ಟು ಒಂದು ಆಟ ಶುರು ಮಾಡಿದ್ದೇನೆ. ಒಂದು ಗೊಂಬೆಯನ್ನು ಮೇಜಿನ ಮೇಲೆ ಕೂರಿಸಿ, ಸ್ಟಿಕರನ್ನು ಅದರ ಕಡೆಗೆ ನಿಧಾನವಾಗಿ ಸರಿಸುತ್ತ ‘ಗೊಂಬೆಗೆ ಸ್ಟಿಕರ್ ಸಿಕ್ಕಿತು’ ಎನ್ನುತ್ತೇವೆ. ಗೊಂಬೆ ಅಲುಗಾಡುವುದಿಲ್ಲ, ಸ್ಟಿಕರ್ ಹೋಗುತ್ತದೆ. ಅನಂತರ ಗೊಂಬೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಹುಡುಕಿ ‘ಗೊಂಬೆ ಸಿಕ್ಕಿತು’ ಎನ್ನುತ್ತೇವೆ. ಮೂರು ದಿನಗಳ ಮೇಲೆ ಅವಳು ತಾನಾಗಿಯೇ ‘ನನಗೆ ಕುಕಿ ಸಿಕ್ಕಿತು’ ಎಂದಳು. ತಮ್ಮ ತರಗತಿಯ ಮಕ್ಕಳು ದೊಡ್ಡವರು, ಆದರೂ ಈ ಆಟದಿಂದ ಏನಾದರೂ ಉಪಯೋಗವಾದೀತೆಂದು ಬರೆದಿದ್ದೇನೆ.

ಪ್ರಶ್ನೆ ಕೇಳಿದವರ ಮರುಬರಹ

ನಾಲ್ವರಿಗೂ ನಮಸ್ಕಾರ. ಇಷ್ಟು ಅಕ್ಕರೆಯಿಂದ ಉತ್ತರಿಸುತ್ತೀರೆಂದು ನಾನು ಎಣಿಸಿರಲಿಲ್ಲ. ಈ ವಾರ ಎರಡು ಅವಧಿಗಳನ್ನು ಪೂರ್ತಿ ಇದಕ್ಕೇ ಕೊಟ್ಟೆ.

ಮೊದಲ ದಿನ ಕಪ್ಪುಹಲಗೆಯ ಮೇಲೆ ಒಬ್ಬ ಮನುಷ್ಯನನ್ನೂ ಒಂದು ಪತ್ರವನ್ನೂ ಬರೆದು, ಕನ್ನಡಕ್ಕೆ ಪತ್ರದಿಂದ ಮನುಷ್ಯನ ಕಡೆಗೆ ಬಾಣ ಎಳೆದೆ, ಇಂಗ್ಲಿಷಿಗೆ ಮನುಷ್ಯನಿಂದ ಪತ್ರದ ಕಡೆಗೆ ಬಾಣ ಎಳೆದೆ. ಇದು ನ್ಯೂಜೆರ್ಸಿಯ ತಾಯಿಯವರ ಗೊಂಬೆಯಿಂದ ಹೊಳೆದದ್ದು. ಬಾಣದ ದಿಕ್ಕು ಬದಲಾದಂತೆ ‘ನನಗೆ’ ಎಂಬುದು ‘ಐ’ ಆಗುತ್ತದೆಂದು ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ನೋಡಿದರು. ಹತ್ತು ವಾಕ್ಯ ಕೊಟ್ಟೆ. ‘ಮಿ ಗಾಟ್’ ಪೂರ್ತಿ ಹೋಗಿಲ್ಲ, ಆದರೆ ಬರೆದವರು ತಾವೇ ಹಲಗೆಯ ಕಡೆ ನೋಡಿ ಹೊಡೆದುಹಾಕಿ ‘ಐ’ ಎಂದು ಬರೆದುಕೊಳ್ಳುತ್ತಿದ್ದರು.

‘ಹಡೆದವ್ವ’ನ ಮಾತನ್ನು ಹೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಒಬ್ಬ ಹುಡುಗಿ ‘ಹಂಗಾರ ನಮ್ಮವ್ವ ನನ್ನ ಪಡೆದಾಳ್ರಿ?’ ಎಂದು ಕೇಳಿದಳು. ಹೌದೆಂದೆ. ಅವಳು ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಳು.

ಪ್ರಶ್ನೆ ಚಿಹ್ನೆ ಹಾಕಿದ್ದ ಹುಡುಗನ ಪುಸ್ತಕದಲ್ಲಿ ಈಗ ‘ಕತ್ತಲಾಗುತ್ತಿದೆ’ ಎಂದಿದೆ. ‘ಕೋಪಗೊಂಡನು’ ಎಂದು ಅವನಿಗೆ ಹೇಳಿಕೊಟ್ಟೆ. ಅವನು ಅದಕ್ಕೂ ಮುಂಚೆ ‘ಸಿಟ್ಟಿಗೆದ್ದ’ ಎಂದು ಬರೆದುಕೊಂಡಿದ್ದ. ಅಳಿಸಬೇಡವೆಂದೆ, ಎರಡನ್ನೂ ಇಟ್ಟುಕೊಂಡಿದ್ದಾನೆ.

ಎರಡನೆಯ ದಿನ ಮಕ್ಕಳೇ ಲೆಕ್ಕ ತಿರುಗಿಸಿದರು. ‘ಗೆಟ್’ಗೆ ಇಷ್ಟು ಅರ್ಥಗಳಿದ್ದರೆ ನಮ್ಮ ‘ಸಿಗು’ವಿಗೆ ಎಷ್ಟಿರಬೇಕೆಂದು ಅವರಿಗೆ ತಿಳಿಯಬೇಕಾಗಿತ್ತು. ಹಲಗೆಯ ಮೇಲೆ ಒಬ್ಬೊಬ್ಬರಾಗಿ ಬಂದು ಬರೆದರು. ರಜೆ ಸಿಕ್ಕಿತು, ಬಸ್ ಸಿಗಲಿಲ್ಲ, ನೆಟ್‌ವರ್ಕ್ ಸಿಗುತ್ತಿಲ್ಲ ಎಂಬ ಮೂರಕ್ಕೆ ‘ಗೆಟ್’ ಸರಾಗವಾಗಿ ಹೊಂದಿತು. ‘ಕಳೆದ ಪೆನ್ನು ಸಿಕ್ಕಿತು’ ಎಂಬಲ್ಲಿ ‘ಫೈಂಡ್’ ಬೇಕಾಯಿತು. ‘ಪೇಟೆಯಲ್ಲಿ ಮಾವ ಸಿಕ್ಕಿದರು’ ಎಂಬಲ್ಲಿ ‘ಮೀಟ್’ ಬಂತು. ‘ಕಳ್ಳ ಸಿಕ್ಕಿಬಿದ್ದ’ ಎಂಬಲ್ಲಿ ‘ಗಾಟ್ ಕಾಟ್’ ಎಂದು ನಾನು ಬರೆದಾಗ ಮತ್ತೆ ‘ಗಾಟ್’ ತಿರುಗಿ ಬಂದದ್ದನ್ನು ಕಂಡು ಅವರಿಗೆ ಹಿಗ್ಗಾಯಿತು. ‘ಅವರು ಮಾತಿಗೆ ಸಿಗುವುದಿಲ್ಲ’ ಎಂಬ ವಾಕ್ಯವನ್ನು ಬರೆದವಳು ‘ಹಡೆದವ್ವ’ನ ಬಗ್ಗೆ ಕೇಳಿದ ಅದೇ ಹುಡುಗಿ. ಮಾತಿಗೆ ಸಿಗುವುದಿಲ್ಲವೆಂದರೆ ಊರಲ್ಲಿ ಇಲ್ಲವೆಂದಲ್ಲ. ಎದುರಿಗೇ ಕುಳಿತಿದ್ದರೂ ಹಿಡಿತಕ್ಕೆ ಬರುವುದಿಲ್ಲ, ಯಾವುದನ್ನೂ ಖಚಿತವಾಗಿ ಒಪ್ಪಿಕೊಳ್ಳುವುದಿಲ್ಲ ಎಂದು ಅವಳೇ ವಿವರಿಸಿದಳು. ಇದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಬೇಕೆಂದು ನನಗೆ ಹೊಳೆಯಲಿಲ್ಲ, ಸೋಮವಾರ ಹೇಳುತ್ತೇನೆಂದು ಬಂದಿದ್ದೇನೆ. ಮೈಸೂರಿನ ಅನುವಾದಕರು ದಯವಿಟ್ಟು ನೋಡಿ ತಿಳಿಸಬೇಕು.